ಡೀಸೆಲ್ ಗಟ್ಟಿಯಾಯಿತೋ, ಪಂಪ್ ಹೋಯಿತೋ: ಹಿಮದ ಊರಲ್ಲಿ ಗಾಡಿ ನಿಂತಾಗ ದೋಷ ಹುಡುಕುವುದು ಹೇಗೆ

ಜನವರಿಯ ಒಂದು ಬೆಳಿಗ್ಗೆ ಎಂಟು ಗಂಟೆಗೆ ಫೋನ್ ಬಂತು. ಹಿಮಾಚಲದ ಸ್ಪಿತಿ ಕಣಿವೆಯ ಕಾಜಾದಿಂದ. ದಾವಣಗೆರೆಯ ಹುಡುಗ, ನನ್ನ ತಮ್ಮನ ಗೆಳೆಯ. ನಾಲ್ಕು ಜನ ಸೇರಿಕೊಂಡು ಡೀಸೆಲ್ ಎಸ್‌ಯುವಿಯಲ್ಲಿ ಹಿಮ ನೋಡಲು ಹೋಗಿದ್ದರು.

"ಅಣ್ಣಾ, ಗಾಡಿ ಸ್ಟಾರ್ಟ್ ಆಯ್ತು. ನಾಲ್ಕು ನಿಮಿಷ ಓಡ್ತು. ಆಮೇಲೆ ಕೆಮ್ಮಿ ಕೆಮ್ಮಿ ಆಫ್ ಆಯ್ತು. ಈಗ ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಇಲ್ಲೊಬ್ಬರು ನೋಡಿ, ಪಂಪ್ ಹೋಗಿದೆ, ಟ್ರಕ್ ಮೇಲೆ ಹಾಕ್ಕೊಂಡು ಕೆಳಗೆ ಒಯ್ಯಬೇಕು ಅಂತಿದ್ದಾರೆ."

"ಪಂಪ್ ಯಾರಿಗೂ ಮುಟ್ಟೋಕೆ ಬಿಡಬೇಡ. ಮೊದಲು ಒಂದು ಖಾಲಿ ನೀರಿನ ಬಾಟಲಿ ಹುಡುಕು" ಅಂದೆ.

ನಾನು ಕೆಲವು ಚಳಿಗಾಲ ಲಾಹೌಲ್ ಕಡೆ ರಸ್ತೆ ಕೆಲಸದ ಗಾಡಿಗಳನ್ನು ನೋಡಿಕೊಂಡಿದ್ದೆ. ಟಿಪ್ಪರ್, ಮಣ್ಣು ತೆಗೆಯುವ ಯಂತ್ರ, ಕೂಲಿಯವರನ್ನು ಕರೆದೊಯ್ಯುವ ಪಿಕಪ್. ಅಲ್ಲಿ ಬೆಳಿಗ್ಗೆ ಗಾಡಿ ಏಳದಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಡೀಸೆಲ್ ಜಮ್ ಗಯಾ." ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಎಷ್ಟೋ ಸಲ ತಪ್ಪು ಬ್ಯಾಟರಿಯದ್ದು, ಹೀಟರ್ ಪ್ಲಗ್‌ನದ್ದು (ಸ್ಟಾರ್ಟ್ ಮಾಡುವಾಗ ಇಂಜಿನ್‌ನ ಒಳಗೆ ಬಿಸಿ ಕೊಡುವ ಪ್ಲಗ್), ಇಲ್ಲವೇ ಡೀಸೆಲ್‌ನಲ್ಲಿ ಸೇರಿದ ನೀರಿನದ್ದು. ಇವನ್ನು ಬೇರೆ ಬೇರೆ ಮಾಡಿ ನೋಡದೆ ಸ್ಪಾನರ್ ಕೈಗೆತ್ತಿಕೊಂಡರೆ ದುಡ್ಡು ಹೋಗುತ್ತದೆ, ಗಾಡಿ ಅಲ್ಲೇ ಇರುತ್ತದೆ. ಬೇರೆ ಮಾಡಿ ನೋಡಲು ದೊಡ್ಡ ಸಾಮಾನು ಬೇಡ. ಸೆಲ್ಫ್ ಶಬ್ದ ಕೇಳುವ ಕಿವಿ, ಸೈಲೆನ್ಸರ್ ಕಡೆ ಒಂದು ಕಣ್ಣು, ಒಂದು ಪಾರದರ್ಶಕ ಬಾಟಲಿ. ಇಷ್ಟರಲ್ಲೇ ಹೆಚ್ಚಿನ ಉತ್ತರ ಸಿಗುತ್ತದೆ.

ಕೊಬ್ಬರಿ ಎಣ್ಣೆ ಬಾಟಲಿ ನೆನಪಿಸಿಕೊಳ್ಳಿ

ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಯ ಕಿಟಕಿಯಲ್ಲಿಟ್ಟ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುತ್ತದೆ ಅಲ್ವಾ? ಬಿಸಿಲಿಗೆ ಇಟ್ಟರೆ ಹತ್ತು ನಿಮಿಷಕ್ಕೆ ತಿಳಿಯಾಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕಟ್ಟಿಕೊಳ್ಳುತ್ತದೆ. ಡೀಸೆಲ್‌ನದ್ದೂ ಹೆಚ್ಚುಕಡಿಮೆ ಇದೇ ಕಥೆ, ಇನ್ನಷ್ಟು ಚಳಿ ಬೇಕು ಅಷ್ಟೆ.

ಡೀಸೆಲ್‌ನಲ್ಲಿ ಪ್ಯಾರಫಿನ್ ಮೇಣ ಕರಗಿಕೊಂಡಿರುತ್ತದೆ. ಅದು ಕಲಬೆರಕೆ ಅಲ್ಲ, ಇಂಧನದ್ದೇ ಭಾಗ. ಚೆನ್ನಾಗಿ ಉರಿಯುವುದೂ ಅದೇ. ಚಳಿ ಏರಿದಂತೆ ಮೂರು ಹಂತದಲ್ಲಿ ಅದು ಕಾಟ ಕೊಡುತ್ತದೆ. ಮೊದಲು ಸಣ್ಣ ಹರಳುಗಳು ಮೂಡಿ ಡೀಸೆಲ್ ಮಬ್ಬಾಗುತ್ತದೆ. ಇದಕ್ಕೆ ಕ್ಲೌಡ್ ಪಾಯಿಂಟ್ ಎನ್ನುತ್ತಾರೆ. ಇನ್ನೂ ತಣ್ಣಗಾದರೆ ಆ ಹರಳುಗಳು ಫಿಲ್ಟರ್ ಕಾಗದದ ಮೇಲೆ ಕೂತು ದಾರಿ ಮುಚ್ಚುತ್ತವೆ. ಇದು ಸಿಎಫ್‌ಪಿಪಿ, ಅಂದರೆ ತಣ್ಣಗಿನ ಡೀಸೆಲ್ ಫಿಲ್ಟರ್ ಕಟ್ಟಿಸುವ ಬಿಂದು. ಕೊನೆಯದು ಪೋರ್ ಪಾಯಿಂಟ್. ಅಲ್ಲಿಂದ ಕೆಳಗೆ ಬಾಟಲಿ ಬಗ್ಗಿಸಿದರೂ ಡೀಸೆಲ್ ಹರಿಯುವುದಿಲ್ಲ.

ನಮ್ಮ ಕೆಲಸಕ್ಕೆ ನಡುವಿನದ್ದೇ ಮುಖ್ಯ. ಲ್ಯಾಬ್‌ನಲ್ಲಿ ಅದನ್ನು ಅಳೆಯುವ ರೀತಿಯೂ ನೇರ. ಡೀಸೆಲ್ ಅನ್ನು ಒಂದೊಂದೇ ಡಿಗ್ರಿ ತಣ್ಣಗೆ ಮಾಡುತ್ತಾ, ಪ್ರತಿ ಸಲ 45 ಮೈಕ್ರಾನ್ ಜಾಲರಿಯ ಮೂಲಕ 20 ಮಿಲಿ ಎಳೆಯುತ್ತಾರೆ. 60 ಸೆಕೆಂಡಿನೊಳಗೆ ಅಷ್ಟು ಬರದಿದ್ದರೆ ಆ ಡಿಗ್ರಿಯೇ ಸಿಎಫ್‌ಪಿಪಿ. ನಿಮ್ಮ ಗಾಡಿಯ ಫಿಲ್ಟರ್‌ನ ತೂತು ಅದಕ್ಕಿಂತ ಎಷ್ಟೋ ಸಣ್ಣದು, ಬರೀ ಕೆಲವು ಮೈಕ್ರಾನ್. ಅದಕ್ಕೇ ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ಚೆನ್ನಾಗಿ ಅಲ್ಲಾಡುತ್ತಿದ್ದರೂ ಇಂಜಿನ್‌ಗೆ ಹನಿಯೂ ತಲುಪದೆ ಇರಬಹುದು. "ಟ್ಯಾಂಕ್ ನೋಡಿದೆ, ಡೀಸೆಲ್ ಗಟ್ಟಿ ಆಗಿಲ್ಲ" ಎನ್ನುವ ಮಾತಿಗೆ ಅರ್ಥವಿಲ್ಲ.

ನಮ್ಮ ದೇಶದ ಮಾನದಂಡದ ಪ್ರಕಾರ ಬಂಕ್‌ನ ಮಾಮೂಲಿ ಡೀಸೆಲ್‌ನ ಸಿಎಫ್‌ಪಿಪಿ ಬೇಸಿಗೆಯಲ್ಲಿ 18 ಡಿಗ್ರಿ, ಚಳಿಗಾಲದಲ್ಲಿ 6 ಡಿಗ್ರಿ ಮೀರಬಾರದು. ಚಳಿಗಾಲ ಅಂದರೆ ಅದರ ಲೆಕ್ಕದಲ್ಲಿ ನವೆಂಬರ್‌ನಿಂದ ಫೆಬ್ರವರಿ. ಮೈನಸ್ 6 ಅಲ್ಲ, ಪ್ಲಸ್ 6. ಬರುವ ಡೀಸೆಲ್ ಇದಕ್ಕಿಂತ ಒಳ್ಳೆಯದಿರಬಹುದು, ಆದರೆ ಬಯಲುಸೀಮೆಯ ಬಂಕ್‌ನಿಂದ ಅಧಿಕಾರದಿಂದ ಕೇಳಬಹುದಾದದ್ದು ಇಷ್ಟೇ. ಕಾಜಾದಲ್ಲಿ ಜನವರಿ ರಾತ್ರಿ ಮೈನಸ್ 20 ಅನ್ನುವುದು ಹೊಸ ವಿಷಯವೇನಲ್ಲ.

ಈ ತೊಂದರೆಗಾಗಿಯೇ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲಡಾಖ್‌ಗೆ ವಿಂಟರ್ ಗ್ರೇಡ್ ಡೀಸೆಲ್ ತಂದಿತು. ಅದರ ಪೋರ್ ಪಾಯಿಂಟ್ ಮೈನಸ್ 33. ಈ ಸಂಖ್ಯೆ ನೋಡಿ ಮೈಮರೆಯಬೇಡಿ. ಅದು ಹರಿವು ನಿಲ್ಲುವ ಬಿಂದು. ಫಿಲ್ಟರ್ ಕಟ್ಟುವುದು ಸಾಮಾನ್ಯವಾಗಿ ಅದಕ್ಕಿಂತ ಕೆಲವು ಡಿಗ್ರಿ ಮೊದಲೇ.

ಜರ್ಮನಿಯಲ್ಲಿರುವ ನಮ್ಮವರಿಗೆ ಈ ತಲೆನೋವು ಕಡಿಮೆ. ಅಲ್ಲಿ ನವೆಂಬರ್ 16ರಿಂದ ಫೆಬ್ರವರಿ ಕೊನೆವರೆಗೆ ಬಂಕ್‌ಗೆ ಬರುವ ಡೀಸೆಲ್ ಮೈನಸ್ 20ರ ಸಿಎಫ್‌ಪಿಪಿಯದ್ದು. ಆದರೂ ಬೇಸಿಗೆಯಲ್ಲಿ ಟ್ಯಾಂಕ್ ತುಂಬಿಸಿ, ಗಾಡಿ ನಿಲ್ಲಿಸಿ ಊರಿಗೆ ಬಂದು, ಜನವರಿಯಲ್ಲಿ ವಾಪಸ್ ಹೋದವರು ಇದೇ ಗುಂಡಿಗೆ ಬೀಳುತ್ತಾರೆ. ಬಂಕ್ ಬದಲಾಗಿರುತ್ತದೆ, ಟ್ಯಾಂಕ್ ಬದಲಾಗಿರುವುದಿಲ್ಲ.

ಮೊದಲು ಕಿವಿ: ಸೆಲ್ಫ್ ಹೇಗೆ ಎತ್ತುತ್ತಿದೆ?

ಕೀ ತಿರುಗಿಸಿ ಶಬ್ದ ಕೇಳಿ. ಬರೀ ಟಕ್ ಟಕ್ ಅಂದರೆ, ಅಥವಾ ಎಳೆದೆಳೆದು ನಿಧಾನಕ್ಕೆ ತಿರುಗಿದರೆ, ಡೀಸೆಲ್ ಮಾತು ಅಲ್ಲಿಗೇ ಬಿಡಿ. ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇಲ್ಲ, ಗಾಳಿಯನ್ನು ಒತ್ತಿ ಬಂದ ಬಿಸಿಗೇ ಇಂಧನ ಹತ್ತಿಕೊಳ್ಳಬೇಕು. ನಿಧಾನಕ್ಕೆ ತಿರುಗಿದರೆ ಒತ್ತಿದ ಗಾಳಿ ಸೋರುತ್ತದೆ, ಬಿಸಿ ತಣ್ಣನೆಯ ಗೋಡೆಗೆ ಹೋಗುತ್ತದೆ, ಬೆಂಕಿ ಹತ್ತುವುದಿಲ್ಲ.

ಕಾರಣ ಎರಡು. ಒಂದು ಬ್ಯಾಟರಿ. ಮೈನಸ್ 18ರ ಹತ್ತಿರ ಒಳ್ಳೆಯ ಬ್ಯಾಟರಿಯ ಶಕ್ತಿಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎರಡು ಇಂಜಿನ್ ಆಯಿಲ್. ನಮ್ಮೂರಲ್ಲಿ ಹಾಕಿಸಿದ 15ಡಬ್ಲ್ಯೂ-40 ಆಯಿಲ್ ಆ ಚಳಿಯಲ್ಲಿ ಬೆಲ್ಲದ ಪಾಕದ ಹಾಗಿರುತ್ತದೆ. 5ಡಬ್ಲ್ಯೂ ಆಯಿಲ್ ಇದ್ದರೆ ಸೆಲ್ಫ್‌ಗೆ ಹೊರೆ ತುಂಬ ಕಡಿಮೆ. ಕೈಪಿಡಿ ಒಪ್ಪುವುದಾದರೆ ಹೊರಡುವ ಮೊದಲೇ ಬದಲಿಸಿ. ಅಲ್ಲಿನ ಡ್ರೈವರ್‌ಗಳು ರಾತ್ರಿ ಬ್ಯಾಟರಿ ಬಿಚ್ಚಿ ಮಲಗುವ ಕೋಣೆಗೇ ಒಯ್ಯುತ್ತಾರೆ. ಮೊದಲ ಸಲ ನೋಡಿದಾಗ ನಕ್ಕಿದ್ದೆ. ಎರಡನೇ ವಾರ ನಾನೂ ಒಯ್ದೆ.

ಒಂದು ಎಚ್ಚರಿಕೆ. ಪೂರ್ತಿ ಇಳಿದ ಬ್ಯಾಟರಿಯ ದ್ರಾವಣ ಮೈನಸ್ 7-8ರಲ್ಲೇ ಮಂಜುಗಟ್ಟಬಹುದು. ಚಾರ್ಜ್ ಇದ್ದದ್ದು ಮೈನಸ್ 50ಕ್ಕೂ ಜಗ್ಗುವುದಿಲ್ಲ. ಬ್ಯಾಟರಿಯ ಪಕ್ಕ ಉಬ್ಬಿದ್ದರೆ ಇನ್ನೊಂದು ಗಾಡಿಯಿಂದ ವೈರ್ ಹಾಕಿ ಎಬ್ಬಿಸಲು ಹೋಗಬೇಡಿ, ಸಿಡಿಯುವ ಅಪಾಯವಿದೆ. ಮೊದಲು ಬೆಚ್ಚಗಿನ ಜಾಗಕ್ಕೆ ಒಯ್ದು ಕರಗಲು ಬಿಡಿ.

ಸೆಲ್ಫ್ ಒಂದೇ ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ. ನಡುವೆ ಒಂದೆರಡು ನಿಮಿಷ ಬಿಡಿ. ಗಾಬರಿಯಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು ಇದೇ. ಕೊನೆಗೆ ಡೀಸೆಲ್ ದೋಷದ ಜೊತೆ ಸತ್ತ ಬ್ಯಾಟರಿ ಮತ್ತು ಸುಟ್ಟ ಸೆಲ್ಫ್ ಮೋಟರ್ ಕೂಡ ಸೇರಿಕೊಳ್ಳುತ್ತವೆ.

ಆಮೇಲೆ ಕಣ್ಣು: ಸೈಲೆನ್ಸರ್‌ನಲ್ಲಿ ಹೊಗೆ ಇದೆಯಾ?

ಸೆಲ್ಫ್ ಜೋರಾಗಿ ಎತ್ತುತ್ತಿದೆ, ಗಾಡಿ ಮಾತ್ರ ಹತ್ತುತ್ತಿಲ್ಲ. ಈಗ ಒಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಬೇಕು. ಈ ಒಂದು ನೋಟ ದೋಷವನ್ನು ಎರಡು ಪಾಲು ಮಾಡುತ್ತದೆ.

ಬೆಳ್ಳನೆಯ ಹೊಗೆ ಡೀಸೆಲ್ ವಾಸನೆಯ ಜೊತೆ ದಟ್ಟವಾಗಿ ಬರುತ್ತಿದ್ದರೆ, ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಫಿಲ್ಟರ್ ಮೇಲೆ ಬಿಸಿನೀರು ಸುರಿದು ಪ್ರಯೋಜನವಿಲ್ಲ. ಹೀಟರ್ ಪ್ಲಗ್ ಕಡೆ ಹೋಗಿ. ಕೀ ಆನ್ ಮಾಡಿದಾಗ ಸುರುಳಿ ಚಿಹ್ನೆಯ ದೀಪ ಹೊತ್ತಿ ಆರುತ್ತಿದೆಯೇ? ಹೊತ್ತುವುದೇ ಇಲ್ಲವೇ? ಓಡುವಾಗ ಮಿಣುಕುತ್ತದೆಯೇ? ಫ್ಯೂಸ್ ಮತ್ತು ರಿಲೇ ನೋಡಿ. ಮಲ್ಟಿಮೀಟರ್ ಇದ್ದರೆ ಪ್ಲಗ್‌ನ ವೈರ್ ಬಿಚ್ಚಿ ತುದಿಯಿಂದ ಇಂಜಿನ್ ಬಾಡಿಗೆ ಅಳೆಯಿರಿ. ಒಳ್ಳೆಯ ಪ್ಲಗ್ ಸಾಮಾನ್ಯವಾಗಿ ಒಂದೆರಡು ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ಸತ್ತಿದೆ. ಹಳೇ ಅಭ್ಯಾಸದಂತೆ ಪ್ಲಗ್‌ಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ನೋಡಬೇಡಿ. ಹೊಸ ಗಾಡಿಗಳಲ್ಲಿ 12 ವೋಲ್ಟ್‌ಗಿಂತ ಕಡಿಮೆಗೆ ಮಾಡಿದ ಪ್ಲಗ್‌ಗಳಿರುತ್ತವೆ, ಕ್ಷಣದಲ್ಲಿ ಸುಡುತ್ತವೆ.

ಎತ್ತರವೂ ಇಲ್ಲಿ ತನ್ನ ಪಾಲು ಕೇಳುತ್ತದೆ. ಕಾಜಾ ಸುಮಾರು 3,700 ಮೀಟರ್‌ನಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟು. ಒತ್ತಲು ಗಾಳಿಯೇ ಕಡಿಮೆ. ನಾಲ್ಕರಲ್ಲಿ ಒಂದು ಪ್ಲಗ್ ಸತ್ತಿದ್ದರೂ ದಾವಣಗೆರೆಯಲ್ಲಿ ಗೊತ್ತೇ ಆಗುವುದಿಲ್ಲ. ಅಲ್ಲಿ ಗೊತ್ತಾಗುತ್ತದೆ.

ಇದೇ ಕಾರಣಕ್ಕೆ, ಮಡಿಕೇರಿಯಲ್ಲೋ ಚಿಕ್ಕಮಗಳೂರಲ್ಲೋ ಚಳಿ ಬೆಳಿಗ್ಗೆ ಡೀಸೆಲ್ ಕಾರು ಸತಾಯಿಸಿದರೆ ಮೊದಲು ಹೀಟರ್ ಪ್ಲಗ್, ಬ್ಯಾಟರಿ ನೋಡಿ. "ಡೀಸೆಲ್ ಗಟ್ಟಿಯಾಗಿದೆ" ಎಂದು ಅಲ್ಲಿ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ಬೆಂಗಳೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಒಂದೇ ಒಂದು ವಿನಾಯಿತಿ ಕೊಡುತ್ತೇನೆ. ಹೆದ್ದಾರಿ ಬದಿಯಲ್ಲಿ ಅಗ್ಗಕ್ಕೆ ಸಿಗುವ ಬಿಡಿ ಬಯೋಡೀಸೆಲ್ ಹಾಕಿಸಿದ್ದರೆ ಮಾತು ಬೇರೆ. ಪಾಮ್ ಎಣ್ಣೆಯಿಂದ ಮಾಡಿದ್ದು 13-16 ಡಿಗ್ರಿಯಲ್ಲೇ ಮಬ್ಬಾಗುತ್ತದೆ.

ಇನ್ನು ಹೊಗೆಯೇ ಇಲ್ಲದಿದ್ದರೆ? ಒಳಗೆ ಡೀಸೆಲ್ ಹೋಗುತ್ತಿಲ್ಲ. ಸ್ವಲ್ಪ ಹೊತ್ತು ಓಡಿ ಆಮೇಲೆ ನಿಂತಿದ್ದರೆ ಅನುಮಾನ ಇನ್ನೂ ಗಟ್ಟಿ. ಫಿಲ್ಟರ್‌ನಾಚೆ ಪೈಪ್‌ನಲ್ಲಿ ಉಳಿದ ಡೀಸೆಲ್‌ನಿಂದ ಇಂಜಿನ್ ಏಳುತ್ತದೆ. ಅಷ್ಟರಲ್ಲಿ ಟ್ಯಾಂಕಿನಿಂದ ಬಂದ ಮೇಣದ ಹರಳು ಫಿಲ್ಟರ್ ಮೇಲೆ ಪದರ ಪದರವಾಗಿ ಕೂರುತ್ತದೆ. ಮೊದಲು ಪಿಕಪ್ ಬೀಳುತ್ತದೆ, ಆಮೇಲೆ ಕೆಮ್ಮು, ಆಮೇಲೆ ಮೌನ. ಹುಡುಗ ಹೇಳಿದ ನಾಲ್ಕು ನಿಮಿಷ ನನಗೆ ಅರ್ಧ ಉತ್ತರ ಕೊಟ್ಟಿತ್ತು. ಪಂಪ್ ನಿಜವಾಗಿ ಕೆಟ್ಟಿದ್ದರೆ ರಾತ್ರಿ ಬಂದಾಗಲೇ ಏನಾದರೂ ಸುಳಿವು ಕೊಡುತ್ತಿತ್ತು. ಬೆಳಗಿನ ಜಾವದ ಚಳಿಗೇ ಕಾದು ಸಾಯುತ್ತಿರಲಿಲ್ಲ.

ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ನ ದೋಷದ ಕೋಡ್ ಓದುವ ಸಾಧನ) ಇಟ್ಟುಕೊಂಡವರು ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಶರ್, ಅಂದರೆ ಎಲ್ಲ ನಾಜಲ್‌ಗಳಿಗೂ ಡೀಸೆಲ್ ಹಂಚುವ ಪೈಪ್‌ನ ಒತ್ತಡ, ನೋಡಬಹುದು. ಇಂಥ ಪೈಪ್ ಇರುವ ಹೆಚ್ಚಿನ ಕಾಮನ್ ರೈಲ್ ಗಾಡಿಗಳು ಏಳಲು 150ರಿಂದ 250 ಬಾರ್ ಒತ್ತಡ ಬೇಕು. ಅದು ಮೇಲೇರದಿದ್ದರೆ, ಜೊತೆಗೆ ಪಿ0087 ಕೋಡ್ ಬಂದಿದ್ದರೆ, ರೈಲ್‌ಗೆ ಡೀಸೆಲ್ ಸಾಲುತ್ತಿಲ್ಲ ಎಂದಷ್ಟೇ ಅರ್ಥ. ಪಂಪ್ ಹೋಗಿದೆ ಎಂದು ಆ ಕೋಡ್ ಹೇಳುವುದಿಲ್ಲ. ಕಟ್ಟಿದ ಫಿಲ್ಟರ್‌ಗೂ ಅದೇ ಕೋಡ್ ಬರುತ್ತದೆ. ಕಾಜಾದಲ್ಲಿ ಪಂಪ್ ಮೇಲೆ ತಪ್ಪು ಹೊರಿಸಿದವರು ಓದಿದ್ದೂ ಇದೇ ಕೋಡ್.

ಬಾಟಲಿ ಹೇಳುವ ಸತ್ಯ

ಫಿಲ್ಟರ್‌ಗೆ ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ, ಅರ್ಧ ಗ್ಲಾಸ್‌ನಷ್ಟು ಡೀಸೆಲ್ ಬಾಟಲಿಗೆ ಹಿಡಿಯಿರಿ. ಇದು ಕಡಿಮೆ ಒತ್ತಡದ ಕಡೆ, ಕೈಹಾಕಬಹುದು. ಹೊರಗೇ ನಿಂತು ಬೆಳಕಿಗೆ ಹಿಡಿದು ನೋಡಿ. ಆಮೇಲೆ ಬಾಟಲಿಯನ್ನು ಬೆಚ್ಚಗಿನ ಕೋಣೆಗೆ ಒಯ್ಯಿರಿ. ಒಲೆ, ಬುಖಾರಿ (ಕೋಣೆ ಬಿಸಿ ಮಾಡುವ ಒಲೆ) ಹತ್ತಿರ ಅಲ್ಲ. ಕಂಬಳಿಯೊಳಗೆ ಸಾಕು.

ಹೊರಗೆ ಮಜ್ಜಿಗೆಯ ಹಾಗೆ ಮಬ್ಬಾಗಿದ್ದು, ಕೋಣೆಯಲ್ಲಿ ಅರ್ಧ ಗಂಟೆಗೆ ತಿಳಿಯಾದರೆ ಅದು ಮೇಣ. ಕರಗಿ ಡೀಸೆಲ್‌ನಲ್ಲೇ ಮಾಯವಾಗುತ್ತದೆ, ತಳದಲ್ಲಿ ಏನೂ ಉಳಿಯುವುದಿಲ್ಲ. ತಳದಲ್ಲಿ ಬೇರೆ ಪದರ ನಿಂತರೆ, ಅಥವಾ ಅಲ್ಲಾಡಿಸಿದಾಗ ಮಣಿಗಳಂತೆ ಉರುಳಿದರೆ, ಅದು ನೀರು. ಹೊರಗೆ ಅದೇ ನೀರು ಮಂಜಿನ ಚೂರಾಗಿತ್ತು. ಬೆಚ್ಚಗಾದ ಮೇಲೂ ಇಡೀ ಬಾಟಲಿ ಮಬ್ಬಾಗೇ ಇದ್ದರೆ ಡೀಸೆಲ್‌ನಲ್ಲಿ ನೀರು ಕದಡಿಕೊಂಡಿದೆ, ಆ ಡೀಸೆಲ್ ಇಳಿಸುವುದೇ ಮೇಲು.

ಪೈಪ್‌ನಿಂದ ಹನಿಯೂ ಬರದಿದ್ದರೆ? ಒಂದೋ ಟ್ಯಾಂಕಿನ ಹೀರುಕೊಳವೆಯ ಬಾಯಲ್ಲಿ ಮೇಣ ಕೂತಿದೆ, ಇಲ್ಲವೇ ಪೈಪ್‌ನ ತಗ್ಗಿನಲ್ಲಿ ನೀರು ಮಂಜಾಗಿದೆ. ಎರಡನ್ನೂ ಬೇರೆ ಮಾಡುವ ಒಂದು ಸುಳಿವು ಹೊರಗಿನ ಚಳಿ. ನೀರು ಸೊನ್ನೆಯ ಕೆಳಗೆ ಇಳಿದ ಕೂಡಲೇ ಕಟ್ಟುತ್ತದೆ. ಮೈನಸ್ 3-4ರಲ್ಲೇ, ವಿಂಟರ್ ಡೀಸೆಲ್ ಹಾಕಿಸಿದ ಗಾಡಿಯೂ ನಿಂತರೆ ನೀರಿನ ಮೇಲೇ ಅನುಮಾನ ಪಡಿ.

ಚಳಿ ಎಷ್ಟಿತ್ತು ಎಂದು ಫೋನ್‌ನಲ್ಲಿ ನೋಡುವಾಗ "ಅನಿಸುವ ತಾಪಮಾನ" ಎನ್ನುವುದನ್ನು ಬಿಟ್ಟುಬಿಡಿ. ಗಾಳಿಯ ಚಳಿ ನಮ್ಮ ಚರ್ಮಕ್ಕೆ. ಗಾಳಿ ಬೀಸಿದರೆ ಡೀಸೆಲ್ ಬೇಗ ತಣ್ಣಗಾಗುತ್ತದೆ, ಆದರೆ ಹೊರಗಿನ ನಿಜವಾದ ತಾಪಮಾನಕ್ಕಿಂತ ಕೆಳಗೆ ಹೋಗುವುದಿಲ್ಲ.

ಕಾಜಾದ ಬಾಟಲಿಯ ವಿಡಿಯೋ ಬಂತು. ಮಜ್ಜಿಗೆಯೇ. ಕಂಬಳಿಯಲ್ಲಿಟ್ಟ ಮೇಲೆ ಕಳಿಸಿದ್ದು ಚೊಕ್ಕ ತಿಳಿ. ಕೊನೆಯ ಸಲ ಎಲ್ಲಿ ತುಂಬಿಸಿದಿರಿ ಎಂದು ಕೇಳಿದೆ. "ಶಿಮ್ಲಾದಲ್ಲಿ ಫುಲ್ ಟ್ಯಾಂಕ್ ಅಣ್ಣಾ, ಮೇಲೆ ಸಿಗುತ್ತೋ ಇಲ್ಲವೋ ಅಂತ." ಅಲ್ಲಿಂದ ಕಾಜಾ ನಾನೂರು ಚಿಲ್ಲರೆ ಕಿಲೋಮೀಟರ್. ಟ್ಯಾಂಕಿನಲ್ಲಿ ಇನ್ನೂ ಇಪ್ಪತ್ತೈದು ಲೀಟರ್ ಕೆಳಗಿನ ಡೀಸೆಲ್ ಉಳಿದಿತ್ತು. ಬೆಂಗಳೂರಿಂದ ತಂದ ಡೀಸೆಲ್‌ನ ತಪ್ಪು ಎಂದು ಅಲ್ಲಿ ಯಾರೋ ಹೇಳಿದರಂತೆ. ಪಾಪ, ಕರ್ನಾಟಕದ ಡೀಸೆಲ್ ಮಹಾರಾಷ್ಟ್ರ ದಾಟುವುದರೊಳಗೇ ಮುಗಿದಿರುತ್ತದೆ.

ಕರಗಿಸುವ ಕೆಲಸ

ಗಾಡಿಯನ್ನು ಗ್ಯಾರೇಜಿನೊಳಗೆ ತಳ್ಳಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಅದಿಲ್ಲದಿದ್ದರೆ ಬಿಸಿಲು ಬೀಳುವ ಕಡೆ ತಿರುಗಿಸಿ ನಿಲ್ಲಿಸಿ. ಆ ಎತ್ತರದಲ್ಲಿ ಗಾಳಿ ಕೊರೆಯುತ್ತಿದ್ದರೂ ಬಿಸಿಲಿಗೆ ಬಲವಿದೆ.

ಫಿಲ್ಟರ್ ಬಿಸಿ ಮಾಡುವುದು ಮೊದಲ ಕೆಲಸ. ಅದರ ಡಬ್ಬಿಗೆ ದಪ್ಪ ಬಟ್ಟೆ ಸುತ್ತಿ, ಮೇಲೆ ಬಿಸಿನೀರನ್ನು ಸಾವಕಾಶ ಸುರಿಯಿರಿ. ಕುದಿಯುವ ನೀರು ಬೇಡ, ಸ್ನಾನಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಇರಲಿ. ವೈರ್ ಕನೆಕ್ಟರ್ ಮೇಲೆ ಬೀಳದಂತೆ ಪ್ಲಾಸ್ಟಿಕ್ ಮುಚ್ಚಿ. ಮುಗಿದ ಮೇಲೆ ಒದ್ದೆ ಬಟ್ಟೆ ತೆಗೆದುಬಿಡಿ, ಇಲ್ಲದಿದ್ದರೆ ಅದೇ ಮಂಜಾಗುತ್ತದೆ. ಹತ್ತಿಪ್ಪತ್ತು ನಿಮಿಷ ಹೀಗೆ ಮಾಡಬೇಕು. ಒಂದು ಚೊಂಬಿಗೆ ಬಗ್ಗುವ ಕೆಲಸ ಅಲ್ಲ. ಹೊಸ ಫಿಲ್ಟರ್ ಇದ್ದರೆ ಅದನ್ನೇ ಹಾಕಿ. ಆದರೆ ಟ್ಯಾಂಕ್ ತಣ್ಣಗೇ ಇದ್ದರೆ ಹೊಸದೂ ಐದು ನಿಮಿಷಕ್ಕೆ ಕಟ್ಟುತ್ತದೆ, ನೆನಪಿರಲಿ.

ಕೆಲವು ಗಾಡಿಗಳ ಫಿಲ್ಟರ್‌ನಲ್ಲೇ ಸಣ್ಣ ವಿದ್ಯುತ್ ಹೀಟರ್ ಇರುತ್ತದೆ. ಪಕ್ಕದ ಅದೇ ಮಾದರಿಯ ಗಾಡಿ ಅದೇ ಡೀಸೆಲ್‌ನಲ್ಲಿ ಎದ್ದು ನಿಮ್ಮದು ಮಾತ್ರ ಮಲಗಿದ್ದರೆ ಈ ಹೀಟರ್‌ನ ಫ್ಯೂಸ್ ನೋಡಿ. ನಮ್ಮೂರಲ್ಲಿ ಅದು ಕೆಲಸ ಮಾಡುವ ಸಂದರ್ಭವೇ ಬರುವುದಿಲ್ಲ. ಹಾಗಾಗಿ ಎಂದೋ ಸುಟ್ಟಿದ್ದರೂ ಯಾರಿಗೂ ಗೊತ್ತಿರುವುದಿಲ್ಲ.

ಟ್ಯಾಂಕ್ ಕರಗಲು ಗಂಟೆಗಟ್ಟಲೆ ಬೇಕು. ಗಾಡಿ ಎರಡು ಮೂರು ದಿನ ನಿಂತಿದ್ದರೆ ಮೇಣ ತಳಕ್ಕೆ ಇಳಿದಿರುತ್ತದೆ. ಹೀರುಕೊಳವೆಯ ಬಾಯಿ ಇರುವುದೂ ಅಲ್ಲೇ. ಮೇಲೆ ತಿಳಿಯಾದ ಡೀಸೆಲ್ ಕಂಡು ಅವಸರ ಮಾಡಬೇಡಿ.

ಫಿಲ್ಟರ್ ಬಿಚ್ಚಿದ್ದರೆ ಏರ್ ತೆಗೆಯಬೇಕು. ಹ್ಯಾಂಡ್ ಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಎಲೆಕ್ಟ್ರಿಕ್ ಪಂಪ್ ಇದ್ದರೆ ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ ಹದಿನೈದು ಸೆಕೆಂಡ್ ಬಿಡಿ, ಆಫ್ ಮಾಡಿ, ಹೀಗೆ ನಾಲ್ಕೈದು ಸಲ. ಹಳೇ ಗಾಡಿಗಳಲ್ಲಿ ನಾಜಲ್ ನಟ್ ಸಡಿಲಿಸಿ ಏರ್ ಬಿಡುತ್ತಿದ್ದೆವು. ಕಾಮನ್ ರೈಲ್ ಗಾಡಿಯಲ್ಲಿ ಅದನ್ನು ಮಾಡಲೇಬೇಡಿ. ಅಲ್ಲಿ ಒತ್ತಡ 1,600 ಬಾರ್, ಅದಕ್ಕಿಂತ ಜಾಸ್ತಿಯೂ ಇರುತ್ತದೆ. ಸೂಜಿಯಂಥ ಡೀಸೆಲ್ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ನೋಡಲು ಸಣ್ಣ ಗಾಯ, ಆದರೆ ಕೂಡಲೇ ಆಸ್ಪತ್ರೆಗೆ ಹೋಗದಿದ್ದರೆ ಬೆರಳೇ ಹೋಗಬಹುದು.

ಆಂಟಿ-ಜೆಲ್ ಬಾಟಲಿಯ ಬಗ್ಗೆ ತುಂಬ ಜನ ಕೇಳುತ್ತಾರೆ. ಒಳ್ಳೆಯದೇ, ಆದರೆ ಮೇಣ ಮೂಡುವ ಮೊದಲು ಹಾಕಬೇಕು. ಅದು ಹರಳುಗಳನ್ನು ಕರಗಿಸುವುದಿಲ್ಲ. ಹರಳು ದೊಡ್ಡದಾಗಿ ಬೆಳೆದು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಡೀಸೆಲ್ ಬೆಚ್ಚಗಿರುವಾಗ, ಬಂಕ್‌ನಲ್ಲೇ, ಮೊದಲು ಇದನ್ನು ಸುರಿದು ಮೇಲೆ ಡೀಸೆಲ್ ಹಾಕಿಸಿದರೆ ಚೆನ್ನಾಗಿ ಬೆರೆಯುತ್ತದೆ. ಕಟ್ಟಿದ ಮೇಲೆ ಸುರಿದರೆ ದುಡ್ಡು ದಂಡ. ಕಟ್ಟಿದ ಡೀಸೆಲ್ ಕರಗಿಸಲೆಂದೇ ಮಾಡಿದ ಬೇರೆ ದ್ರಾವಣ ಸಿಗುತ್ತದೆ. ಬಾಟಲಿಯ ಮೇಲೆ ಏನು ಬರೆದಿದೆ ಎಂದು ಓದಿ ತೆಗೆದುಕೊಳ್ಳಿ.

ಅಲ್ಲಿ ಕೊಡುವ ಸಲಹೆಗಳು, ಮತ್ತು ನನ್ನ ತಕರಾರು

ಟ್ಯಾಂಕ್ ಕೆಳಗೆ ಬೆಂಕಿ ಹಾಕುವುದು. ಮೇಲಿನ ರಸ್ತೆಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಹಳೇ ಟ್ರಕ್‌ನ ಕಬ್ಬಿಣದ ಟ್ಯಾಂಕ್‌ಗೆ ಬಟ್ಟೆ ಸುಟ್ಟು ಶಾಖ ಕೊಡುವ ಡ್ರೈವರ್‌ಗೆ ಅದರಲ್ಲಿ ಇಪ್ಪತ್ತು ವರ್ಷದ ಅನುಭವ ಇರುತ್ತದೆ, ಅದೃಷ್ಟವೂ ಇರುತ್ತದೆ. ನಿಮ್ಮ ಕಾರಿನ ಟ್ಯಾಂಕ್ ಪ್ಲಾಸ್ಟಿಕ್‌ನದ್ದು. ಬೇಡ.

ಸೀಮೆಎಣ್ಣೆ ಬೆರೆಸುವುದು. ಇದು ಸುಮ್ನೆ ಹುಟ್ಟಿದ ಮಾತಲ್ಲ. ಸೀಮೆಎಣ್ಣೆಯಲ್ಲಿ ಮೇಣ ಕಡಿಮೆ, ಹಳೇ ಪಂಪ್-ನಾಜಲ್ ಗಾಡಿಗಳಲ್ಲಿ ನಿಜಕ್ಕೂ ಕೆಲಸ ಮಾಡುತ್ತಿತ್ತು. ಆದರೆ 2020ರ ಏಪ್ರಿಲ್‌ನಿಂದ ದೇಶವಿಡೀ ಇರುವ ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ. ಪಡಿತರದ ಸೀಮೆಎಣ್ಣೆಯಲ್ಲಿ 2,500 ಪಾಲಿನವರೆಗೂ ಇರಬಹುದು. ಸೈಲೆನ್ಸರ್‌ನೊಳಗಿನ ಹೊಗೆ ಶುದ್ಧಿಯ ಸಾಮಾನಿಗೆ ಅದು ವಿಷ. ಜಾರುಗುಣ ಬೇರೆ ಕಡಿಮೆ. ಕಾಮನ್ ರೈಲ್ ಪಂಪ್‌ಗೆ ಡೀಸೆಲ್‌ನದ್ದೇ ಎಣ್ಣೆಯ ಕೆಲಸ, ಅದು ತಪ್ಪಿದರೆ ಲೋಹ ತೇಯುತ್ತದೆ. ಆಗ "ಪಂಪ್ ಹೋಗಿದೆ" ಎನ್ನುವ ಮಾತು ನಿಜವಾಗುತ್ತದೆ. ಪೆಟ್ರೋಲ್ ಬೆರೆಸುವುದು ಇನ್ನೂ ಕೆಟ್ಟದ್ದು.

ಗಾಳಿ ಫಿಲ್ಟರ್ ತೆಗೆದು ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು. ಹೀಟರ್ ಪ್ಲಗ್ ಕೆಂಪಗೆ ಕಾದಿರುವಾಗ ಆ ಸ್ಪ್ರೇಯಲ್ಲಿನ ಈಥರ್ ಒಳಗೆ ಹೋದರೆ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತದೆ. ಪಿಸ್ಟನ್ ರಿಂಗ್ ಮುರಿದರೆ ಇಂಜಿನ್ ಬಿಚ್ಚಬೇಕು.

ಇನ್ನು ಬಿಎಸ್6 ಗಾಡಿಯಲ್ಲಿ ಆಡ್‌ಬ್ಲೂ ದೀಪ ಹೊತ್ತಿದರೆ ಗಾಬರಿ ಬೇಡ. ಅದು ಹೊಗೆ ಶುದ್ಧಿಗೆ ಬಳಸುವ, ನೂರಕ್ಕೆ 32.5 ಪಾಲು ಯೂರಿಯಾ ಇರುವ ನೀರು, ಮೈನಸ್ 11ಕ್ಕೆ ಹೆಪ್ಪುಗಟ್ಟುತ್ತದೆ. ಗಾಡಿಗೆ ಇದು ಗೊತ್ತು, ಓಡುತ್ತಾ ತಾನೇ ಕರಗಿಸಿಕೊಳ್ಳುತ್ತದೆ. ಸ್ಟಾರ್ಟ್ ಆಗದಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಟ್ಯಾಂಕಿಗೆ ಬಿಸಿನೀರು, ಆಂಟಿ-ಜೆಲ್ ಏನನ್ನೂ ಸುರಿಯಬೇಡಿ. ಕಂಠಪೂರ್ತಿ ತುಂಬಿಸಲೂ ಬೇಡಿ, ಹೆಪ್ಪುಗಟ್ಟಿದಾಗ ಹಿಗ್ಗಲು ಜಾಗ ಬೇಕು.

ಮೇಲೆ ಹತ್ತುವ ಮೊದಲು

2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರ್‌ನ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಲಾಹೌಲ್‌ಗೆ ದಾರಿ ಆಯಿತು. ಮನಾಲಿಯಲ್ಲಿ ಟ್ಯಾಂಕ್ ತುಂಬಿಸಿ, ಒಂದೆರಡು ಗಂಟೆಯಲ್ಲಿ ಆಚೆ ಬದಿಯ ಚಳಿಗೆ ಇಳಿದು, ಅಲ್ಲೇ ರಾತ್ರಿ ಗಾಡಿ ನಿಲ್ಲಿಸುವವರು ಹೆಚ್ಚಾಗಿದ್ದಾರೆ.

ನಾನು ಹೇಳುವುದು ಇಷ್ಟು. ಹೊರಡುವ ವಾರ ಫಿಲ್ಟರ್ ಹೊಸದು ಹಾಕಿಸಿ, ಹಳೆಯದರ ನೀರು ಎಷ್ಟು ಬಂತು ನೋಡಿ. ಮೇಲೆ ವಿಂಟರ್ ಡೀಸೆಲ್ ಸಿಗುವ ಬಂಕ್ ಯಾವುದು ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ಸಿಗುವುದು ಖಚಿತ ಇದ್ದರೆ ಕಾಲು ಟ್ಯಾಂಕ್‌ನಷ್ಟು ಹಳೇ ಡೀಸೆಲ್ ಇಟ್ಟುಕೊಂಡು ಹೋಗಿ, ಅಲ್ಲಿ ತುಂಬಿಸಿ. ಅದಕ್ಕಿಂತ ಕಡಿಮೆ ಇಟ್ಟುಕೊಂಡು ಬೆಟ್ಟದ ದಾರಿಯಲ್ಲಿ ಜೂಜಾಡಬೇಡಿ, ರಸ್ತೆ ಮುಚ್ಚಿದರೆ ಹೀಟರ್ ಹಾಕಿಕೊಂಡು ಕೂರಲಾದರೂ ಡೀಸೆಲ್ ಬೇಕು. ಹೊಸ ಡೀಸೆಲ್ ಹಾಕಿಸಿ ನೇರ ಹೋಂಸ್ಟೇ ಮುಂದೆ ನಿಲ್ಲಿಸಿದರೂ ಪ್ರಯೋಜನವಿಲ್ಲ. ಪೈಪ್‌ನಲ್ಲಿ, ಫಿಲ್ಟರ್‌ನಲ್ಲಿ ಇನ್ನೂ ಹಳೆಯದೇ ಇರುತ್ತದೆ. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಆಮೇಲೆ ನಿಲ್ಲಿಸಿ. ಮೇಲೆ ತಲುಪಿದ ಮೇಲೆ ಟ್ಯಾಂಕ್ ತುಂಬಿಯೇ ಇರಲಿ. ಖಾಲಿ ಜಾಗದ ತೇವ ರಾತ್ರಿ ಟ್ಯಾಂಕಿನ ಗೋಡೆಗೆ ನೀರಾಗಿ ಅಂಟಿ ಕೆಳಗಿಳಿಯುತ್ತದೆ.

ಕಾಜಾದ ಹುಡುಗರು ಮಧ್ಯಾಹ್ನ ಹನ್ನೆರಡರವರೆಗೆ ಬಿಸಿಲಿಗೆ ನಿಲ್ಲಿಸಿ, ನಾಲ್ಕು ಬಕೆಟ್ ಬಿಸಿನೀರು ಸುರಿದರು. ಆಮೇಲೆ ಫಿಲ್ಟರ್‌ನ ತಳದ ಡ್ರೇನ್ ಸ್ಕ್ರೂ ತಿರುಗಿಸಲು ಹೇಳಿದೆ. ಬೆಳಿಗ್ಗೆ ಅಲ್ಲಿಂದ ಹನಿಯೂ ಬಂದಿರಲಿಲ್ಲ. ಈಗ ಮೊದಲು ಒಂದು ಮಂಜಿನ ಚೂರು, ಅದರ ಹಿಂದೆ ಅರ್ಧ ಲೋಟ ನೀರು ಬಂತು. ಬಾಟಲಿ ನೋಡಿ ಬರೀ ಮೇಣ ಎಂದು ತೀರ್ಮಾನಿಸಿದ್ದ ನಾನು ಅರ್ಧ ತಪ್ಪಾಗಿದ್ದೆ. ಬಾಟಲಿಗೆ ಬಂದದ್ದು ಫಿಲ್ಟರ್‌ಗೆ ಮೊದಲಿನ ಪೈಪ್‌ನ ಡೀಸೆಲ್. ಫಿಲ್ಟರ್ ತಳದಲ್ಲಿ ನೀರು ಕಲ್ಲಾಗಿ ಕೂತಿದ್ದು ಅದರಲ್ಲಿ ಹೇಗೆ ಕಾಣಬೇಕು?

ಮೂರನೇ ಸೆಲ್ಫ್‌ಗೆ ಗಾಡಿ ಎದ್ದಿತು. ಇಪ್ಪತ್ತು ನಿಮಿಷ ಬಂಕ್ ಕಡೆ ಮೆಲ್ಲಗೆ ಓಡಿಸಿ ಟ್ಯಾಂಕ್ ತುಂಬಿಸಿಕೊಂಡರು. ಆ ನೀರು ಎಲ್ಲಿಂದ ಬಂತು ಎಂದು ಕೇಳಿದೆ. ದಾವಣಗೆರೆಯಲ್ಲಿ ಸರ್ವೀಸ್ ಮಾಡಿಸಿದಾಗ ಫಿಲ್ಟರ್ ಬದಲಿಸಿದ್ದಾರೆ ಎಂದು ಬಿಲ್‌ನಲ್ಲಿತ್ತಂತೆ. ಊರಿಗೆ ಬಂದ ಮೇಲೆ ಫಿಲ್ಟರ್ ಬಿಚ್ಚಿ ಫೋಟೋ ಕಳಿಸಿದ. ಅದರ ಮೇಲಿನ ತಯಾರಿಕೆಯ ತಿಂಗಳು, ಗಾಡಿಯ ತಯಾರಿಕೆಯ ತಿಂಗಳಿಗಿಂತ ಎರಡು ತಿಂಗಳು ಹಿಂದಿನದು.